ಬೆರಳೊಳಗಿನ ಸಿಂಬೆಯಣ್ಣ

ಬೆರಳ ತುದಿಯೊಳಗೂ ಊರುಗಳಿವೆ. ಇಲ್ಲವೆನ್ನುವವರು ಪಂಥಕ್ಕೆ ಬರಲಿ! ಕುಡುಗೋಲು ತಾಗಿ ಕುಯ್ದ ಬೆರಳೊಂದರ ಜೀವಕೋಶದ ನಡುಮನೆಯಲ್ಲಿ ಭಾರಿ ಪ್ರೋಟೀನೊಬ್ಬ ಕೊಡ ಹೊರುವ ಸಿಂಬೆಯ ಹಾಗೆ ಸುತ್ತಿಕೊಂಡು ಕೂತಿದ್ದ. ಗಾಯ ಮಾಯಿಸುವ ಪಾಠ ಡಿಎನ್‌ಎ ದಾರದಲ್ಲಿತ್ತು. ದಾರವೋ ಪ್ರೋಟೀನಿನ ಉಂಡೆಗಳಿಗೆ ಬಿಗಿಯಾಗಿ ಸುತ್ತಿಕೊಂಡಿತ್ತು; ಬಿಚ್ಚದೆ ಪಾಠ ಓದುವಂತಿರಲಿಲ್ಲ.

"ಬಿಚ್ಚೋನು ನಾನು!" ಎಂದು ಪುಟ್ಟ ಕಿಣ್ವ ಎದೆಯುಬ್ಬಿಸಿತು. "ಸಿಂಬೆಯಣ್ಣ, ನಿನಗೆ ಬಿಚ್ಚೋಕೂ ಬರಲ್ಲ, ಓದೋಕೂ ಬರಲ್ಲ. ಈ ಮೈ ಹೊತ್ತು ಯಾಕೆ ಕೂತಿದ್ದೀಯ? ಜಾಗ ಬಿಡು."

"ಯೀಸ್ಟಿನ ಕೋಶದಲ್ಲೂ ಹೀಗೇ ಕೂತಿದ್ದೀನಿ, ಆನೆಯ ಕೋಶದಲ್ಲೂ ಹೀಗೇ ಕೂತಿದ್ದೀನಿ. ಯಾರೂ ಎಬ್ಬಿಸಿಲ್ಲ ತಮ್ಮಾ," ಎಂದು ನಕ್ಕು ಅವನು ಸರಿದು ಕೂತ.

ಕಿಣ್ವ ನುಗ್ಗಿ ಸಿಕ್ಕಲ್ಲೆಲ್ಲ ದಾರ ಬಿಚ್ಚಿತು. ಒಂದು ಕಡೆ ಕೂದಲಿನ ಪಾಠ, ಇನ್ನೊಂದು ಕಡೆ ಹಲ್ಲಿನ ಪಾಠ! ಗಾಯದ ಪಾಠದ ಮೇಲೆ ಕೂತಿದ್ದ ಕರೆಗಾರ ಪ್ರೋಟೀನು "ಇಲ್ಲಿ ಮಾರಾಯಾ, ಇಲ್ಲಿ!" ಎಂದು ಕೂಗಿ ಕೂಗಿ ಸುಸ್ತಾಯಿತು. ಕಿಣ್ವಕ್ಕೆ ಕೇಳಿಸಲೇ ಇಲ್ಲ. ಗಾಯ ಬಾಯಿ ತೆರೆದೇ ಇತ್ತು.

"ಅಣ್ಣಾ, ದಾರಿ ತಪ್ಪಿತು," ಎಂದಿತು ಕಿಣ್ವ, ಮೆತ್ತಗೆ.

ಸಿಂಬೆಯಣ್ಣ ಒಂದು ಮಗ್ಗುಲಲ್ಲಿ ಕರೆಗಾರನನ್ನು ಹಿಡಿದು, ಕಿಣ್ವವನ್ನು ಮಡಿಲಿಗೆ ಎಳೆದು ಕೂರಿಸಿಕೊಂಡ. ದಾರ ಸರಿಯಾದ ಜಾಗದಲ್ಲೇ ಬಿಚ್ಚಿಕೊಂಡಿತು. ಗಾಯ ಕೂಡತೊಡಗಿತು.

"ಹೇಗೆ ಬಿಚ್ಚಿದೆ, ನೋಡಿದೆಯಾ!" ಎಂದು ಕಿಣ್ವ ಮತ್ತೆ ಎದೆಯುಬ್ಬಿಸಿತು.

"ನೋಡದೆ ಏನು? ನನ್ನ ಮಡಿಲಲ್ಲೇ ಕೂತಿದ್ದೀಯಲ್ಲ," ಎಂದ ಸಿಂಬೆಯಣ್ಣ.