ಪಾತ್ರೆ ವ್ಯಾಪಾರಿಯ ಮನೆಯ ಕೆಂಪು ದೀಪ

“ಶ್ರದ್ಧೆಗೂ ಹಟಕ್ಕೂ ಏನು ವ್ಯತ್ಯಾಸ, ಗುರುಗಳೇ?” ಎಂದು ಚೆನ್ನವೀರ ಕೇಳಿದ.

ಚೆನ್ನವೀರ ಮಠದಲ್ಲಿ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಶಿಷ್ಯ. ಆ ದಿನ ಬೆಳಿಗ್ಗೆ ಬಾವಿಯ ಪಂಪು ಕೆಟ್ಟಿತ್ತು. ಅವನು ತಿಂಡಿಯನ್ನೂ ಬಿಟ್ಟು ಅದರ ಮುಂದೆ ಕೂತಿದ್ದ. ದೂರದ ಊರಿನಿಂದ ಅವನನ್ನು ಕಾಣಲು ಬಂದಿದ್ದ ಅಕ್ಕ ಬಹಳ ಹೊತ್ತು ಕಾದು, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋಗಿದ್ದಳು. ಇದನ್ನು ಮಠದಲ್ಲಿ ಕೆಲವರು ಶ್ರದ್ಧೆ ಎಂದರು. ಕೆಲವರು ಹಟ ಎಂದರು. ಅದಕ್ಕೇ ಅವನು ಕೇಳಿದ್ದು.

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಒಳ್ಳೆಯವನು. ಹೆಂಡತಿಯೆಂದರೆ ಅವನಿಗೆ ಪ್ರಾಣ. ಹೆಂಡತಿ ಸುಮಂಗಲೆ ಮದುವೆಗೆ ಮೊದಲು ಶಾಲೆಯಲ್ಲಿ ಪಾಠ ಹೇಳುತ್ತಿದ್ದಳು. ಮಕ್ಕಳಾದ ಮೇಲೆ ಬಿಟ್ಟಿದ್ದಳು. ಮಕ್ಕಳು ತಮ್ಮ ಪಾಡಿಗೆ ಶಾಲೆಗೆ ಹೋಗಿಬರುವಷ್ಟಾದಾಗ ಅವಳಿಗೆ ಮತ್ತೆ ಪಾಠ ಹೇಳಬೇಕೆನಿಸಿತು. ಅಲ್ಲಿ ಇಲ್ಲಿ ಅರ್ಜಿ ಹಾಕಿದಳು. ಇಷ್ಟು ವರ್ಷ ಮನೆಯಲ್ಲಿದ್ದವಳನ್ನು ಯಾರೂ ಕರೆಯಲಿಲ್ಲ. ಕಡೆಗೆ ಒಂದು ಶಾಲೆಯವರು ಕರೆದರು. ಮಧ್ಯಾಹ್ನ ಮೂರು ಗಂಟೆಗೆ ನಿಮ್ಮ ಮನೆಯ ಕಂಪ್ಯೂಟರಿನ ಮುಂದೆ ಕೂತಿರಿ, ಸಂದರ್ಶನ ಅದರಲ್ಲೇ ಮಾಡುತ್ತೇವೆ ಎಂದರು.

ಸುದ್ದಿ ಕೇಳಿ ಅವಳಿಗಿಂತ ಹೆಚ್ಚು ಹಿಗ್ಗಿದವನು ವ್ಯಾಪಾರಿಯೇ. ಆ ದಿನ ಅಂಗಡಿಗೆ ಬೀಗ ಹಾಕಿ ಬಂದ. ಕಂಪ್ಯೂಟರಿನ ಧೂಳು ತಾನೇ ಒರೆಸಿದ. “ನೀನು ಮಾತಿನ ಕಡೆ ನೋಡಿಕೋ. ಯಂತ್ರದ ಚಿಂತೆ ನನಗಿರಲಿ” ಎಂದ.

ಊಟ ಮುಗಿಸಿ ಕಂಪ್ಯೂಟರು ಹಚ್ಚಿದರೆ ಇಂಟರ್ನೆಟ್ಟು ಬರಲಿಲ್ಲ. ಗೋಡೆಗೆ ತಗುಲಿಹಾಕಿದ್ದ ವೈಫೈ ಡಬ್ಬಿಯಲ್ಲಿ ದಿನವೂ ಹಸಿರಾಗಿ ಉರಿಯುತ್ತಿದ್ದ ದೀಪ ಈಗ ಕೆಂಪಗೆ ಮಿಣುಕುತ್ತಿತ್ತು.

ವ್ಯಾಪಾರಿ ಸ್ವಿಚ್ಚು ಆರಿಸಿ ಹಚ್ಚಿದ. ಕೆಂಪು ಹೋಗಲಿಲ್ಲ. ಕಂಪ್ಯೂಟರನ್ನೂ ಆರಿಸಿ ಹಚ್ಚಿದ. ಆಗಲೂ ಹೋಗಲಿಲ್ಲ. ವಯರುಗಳನ್ನು ಒಂದೊಂದಾಗಿ ಕಿತ್ತು, ಊದಿ, ಮತ್ತೆ ಸಿಕ್ಕಿಸಿದ. ಕಂಪನಿಯವರಿಗೆ ಫೋನು ಮಾಡಿದರೆ ನಮ್ಮ ಸಿಬ್ಬಂದಿ ಬೇರೆ ಕರೆಯಲ್ಲಿದ್ದಾರೆ ಎಂಬ ದನಿಯೇ ಮತ್ತೆ ಮತ್ತೆ ಕೇಳಿತು. ಆ ಓಣಿಯಲ್ಲಿ ಮೊಬೈಲಿನ ಸಿಗ್ನಲ್ಲು ಮಾತಿಗೆ ಸಾಕಾಗುತ್ತಿತ್ತು, ಮುಖ ತೋರಿಸಲು ಸಾಲುತ್ತಿರಲಿಲ್ಲ. ಆದ್ದರಿಂದ ಆ ದಾರಿಯೂ ಇರಲಿಲ್ಲ.

ಸುಮಂಗಲೆ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ರೀ, ಪಕ್ಕದ ಟೈಲರ್ ಮನೆಗೂ ಇದೇ ಲೈನು. ಅವರಲ್ಲಿ ಬರುತ್ತಿದೆಯೋ ಇಲ್ಲವೋ ಕೇಳಿಕೊಂಡು ಬರಲೇ?” ಎಂದಳು.

“ಅವರನ್ನೇನು ಕೇಳುವುದು? ಕೆಟ್ಟಿರುವುದು ನಮ್ಮದು. ಒಂದು ನಿಮಿಷ ತಡಿ.”

“ಕೇಳಿದರೆ ಹೊರಗೆ ಕೆಟ್ಟಿದೆಯೋ ಒಳಗೆ ಕೆಟ್ಟಿದೆಯೋ ಗೊತ್ತಾಗುತ್ತಲ್ಲ.”

“ನಾನು ನೋಡುತ್ತಿದ್ದೇನಲ್ಲ ಸುಮಂಗಲಾ! ನೀನು ನಡುವೆ ಮಾತಾಡಿದರೆ ನನಗೆ ತಲೆ ಓಡುವುದಿಲ್ಲ.”

ಅವಳು ಒಳಗೆ ಹೋದಳು. ಹೋದವಳಿಗೆ ಕೂರಲಾಗಲಿಲ್ಲ. ಉಟ್ಟ ಸೀರೆಯ ನೆರಿಗೆಯನ್ನೇ ಮತ್ತೆ ಸರಿಮಾಡಿಕೊಂಡಳು. ಹೇಳಬೇಕೆಂದಿದ್ದ ಮಾತುಗಳನ್ನು ನೆನೆದುಕೊಳ್ಳಲು ಹೊರಟರೆ ಒಂದೂ ನೆನಪಿಗೆ ಬಾರದು. ಗಡಿಯಾರ ನೋಡಿದಳು, ಗಂಡನ ಕಡೆ ನೋಡಿದಳು.

ವ್ಯಾಪಾರಿಗೂ ಗಡಿಯಾರ ಕಾಣುತ್ತಿತ್ತು. ಯಾರೋ ಒಮ್ಮೆ ಹೇಳಿದ್ದು ಅವನಿಗೆ ನೆನಪಾಯಿತು. ಡಬ್ಬಿಯ ಹಿಂದೆ ಸಣ್ಣದೊಂದು ತೂತಿದೆ, ಅದರೊಳಗೆ ಪಿನ್ನು ಹಾಕಿ ಒತ್ತಿಹಿಡಿದರೆ ಎಲ್ಲ ಹೊಸದಾಗಿ ಶುರುವಾಗುತ್ತದೆ ಎಂದು. ಮೇಜಿನ ಮೇಲಿದ್ದ ಅವಳ ಫೈಲಿನಿಂದಲೇ ಒಂದು ಪಿನ್ನು ಕಿತ್ತುಕೊಂಡ. ಅವಳ ಪ್ರಮಾಣಪತ್ರಗಳು ಮೇಜಿನ ಮೇಲೆ ಚೆಲ್ಲಿದವು. ಅವನು ಪಿನ್ನು ತೂರಿಸಿ ಒತ್ತಿಹಿಡಿದ. ದೀಪಗಳೆಲ್ಲ ಒಮ್ಮೆಗೇ ಆರಿ ಒಮ್ಮೆಗೇ ಹತ್ತಿದವು. ಆದರೆ ಕೊನೆಗೆ ಉಳಿದದ್ದು ಅದೇ ಕೆಂಪು ದೀಪ.

ನಿಜ ಸಂಗತಿ ಬೇರೆ ಇತ್ತು. ಮೇವು ಹೇರಿಕೊಂಡ ಲಾರಿಯೊಂದು ಓಣಿಯ ತಿರುವಿನಲ್ಲಿ ಇಂಟರ್ನೆಟ್ಟಿನ ತಂತಿಯನ್ನು ಹರಿದು ಹೋಗಿತ್ತು. ಇಡೀ ಓಣಿಗೇ ಇಂಟರ್ನೆಟ್ಟು ಇರಲಿಲ್ಲ. ತಂತಿ ಸೇರಿಸುವವರು ಆಗಲೇ ಬಂದು ಕಂಬ ಹತ್ತಿದ್ದರು. ಬೀದಿ ಬಾಗಿಲು ತೆರೆದು ನೋಡಿದ್ದರೆ ಅವರು ಕಾಣುತ್ತಿದ್ದರು. ವ್ಯಾಪಾರಿ ಬಾಗಿಲ ಕಡೆ ತಿರುಗಲೇ ಇಲ್ಲ. ಕಂಪ್ಯೂಟರಿನ ಒಳಗೆ ಹೊಕ್ಕು ಕಂಡ ಕಂಡ ಸೆಟ್ಟಿಂಗುಗಳನ್ನು ಬದಲಿಸತೊಡಗಿದ. ಮೊದಲು ಹೇಗಿತ್ತು ಎಂಬುದು ಬರಬರುತ್ತ ಅವನಿಗೇ ಮರೆತುಹೋಯಿತು.

ಮೂರು ಗಂಟೆಗೆ ಇನ್ನು ಸ್ವಲ್ಪವೇ ಹೊತ್ತಿರುವಾಗ ಟೈಲರನ ಹೆಂಡತಿ ಕಾಂಪೌಂಡಿನ ಆಚೆಯಿಂದ ಕೂಗಿದಳು. “ಸುಮಂಗಲಕ್ಕಾ, ನಮ್ಮಲ್ಲಿ ಇಂಟರ್ನೆಟ್ ಬಂತು. ನಿಮ್ಮಲ್ಲೂ ಬಂತೇನ್ರೀ?”

ಓಣಿಯ ಎಲ್ಲ ಮನೆಗಳಿಗೂ ಬಂದಿತ್ತು. ವ್ಯಾಪಾರಿಯ ಮನೆಗೆ ಮಾತ್ರ ಬರಲಿಲ್ಲ. ಪಿನ್ನು ಒತ್ತಿದಾಗ ಡಬ್ಬಿಯೊಳಗಿದ್ದ ಹೆಸರು, ಗುಟ್ಟಿನ ಸಂಖ್ಯೆ ಎಲ್ಲವೂ ಅಳಿಸಿಹೋಗಿದ್ದವು.

“ರೀ, ಅವರ ಮನೆಯಲ್ಲಿ ಬಂದಿದೆಯಂತೆ. ನಾನು ಅಲ್ಲೇ ಹೋಗಿ ಅವರ ಕಂಪ್ಯೂಟರಿನ ಮುಂದೆ ಕೂರಲೇ?” ಎಂದಳು ಸುಮಂಗಲೆ.

ವ್ಯಾಪಾರಿ ಮೇಜಿನ ಅಡಿಯಲ್ಲಿದ್ದ. ಬಾಯಲ್ಲಿ ಟಾರ್ಚು ಕಚ್ಚಿಕೊಂಡಿದ್ದ. ಅದನ್ನು ತೆಗೆದು, “ಅವರಲ್ಲಿ ಬಂತು ಎಂದರೆ ನಮ್ಮಲ್ಲೂ ಬರಲೇಬೇಕು. ಇನ್ನೇನು ಆಗೇ ಹೋಯಿತು, ಒಂದು ನಿಮಿಷ” ಎಂದ.

ಅವಳು ಆ ಒಂದು ನಿಮಿಷವನ್ನೂ ಕೊಟ್ಟಳು. ಆಮೇಲೆ ಚೆಲ್ಲಿದ್ದ ಪ್ರಮಾಣಪತ್ರಗಳನ್ನು ಫೈಲಿಗೆ ಬಾಚಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಪಕ್ಕದ ಮನೆಗೆ ಓಡಿದಳು.

ಅವಳು ಹೋದದ್ದು ವ್ಯಾಪಾರಿಗೆ ತಿಳಿಯಲಿಲ್ಲ. “ಈಗ ನೋಡು” ಎಂದು ಮೇಜಿನ ಅಡಿಯಿಂದಲೇ ಹೇಳಿದ. ಹೊರಗೆ ತಲೆ ಹಾಕಿ ನೋಡಿದರೆ ಕೋಣೆ ಖಾಲಿ.

ಆಗ ತೆರೆದ ಕಿಟಕಿಯಿಂದ, ಟೈಲರನ ಮನೆಯ ಕಡೆಯಿಂದ ಅವಳ ದನಿ ಕೇಳಿತು. ಮೊದಲು ಏದುಸಿರಿನಲ್ಲಿತ್ತು. ಕೇಳಿದ್ದಕ್ಕೆ ತಡವರಿಸುತ್ತಿತ್ತು. ಬರಬರುತ್ತ ನೆಟ್ಟಗಾಯಿತು.

“ತರಗತಿಯಲ್ಲಿ ಮಾತೇ ಆಡದ ಮಗುವನ್ನು ನಾನು ಎದ್ದು ನಿಲ್ಲಿಸಿ ಕೇಳುವುದಿಲ್ಲ, ಸರ್. ಪಕ್ಕದಲ್ಲಿ ಹೋಗಿ ಕೂರುತ್ತೇನೆ” ಎನ್ನುತ್ತಿದ್ದಳು.

ಹೆಂಡತಿ ಹೀಗೆ ಮಾತಾಡುವುದನ್ನು ವ್ಯಾಪಾರಿ ಎಂದೂ ಕೇಳಿರಲಿಲ್ಲ. ಗೋಡೆಗೆ ಕೈಯಾನಿಸಿ ನಿಂತ. ಕಣ್ಣಲ್ಲಿ ನೀರು ಬಂದಂತಾಯಿತು. ಅಷ್ಟರಲ್ಲಿ ಗೋಡೆಯ ಮೇಲಿನ ಡಬ್ಬಿ ಕಣ್ಣಿಗೆ ಬಿತ್ತು. ಓಣಿಗೆಲ್ಲ ಬಂದದ್ದು ತನ್ನ ಮನೆಗೆ ಮಾತ್ರ ಏಕೆ ಬರಲಿಲ್ಲ ಎಂಬುದು ಅವನೊಳಗೆ ಮುಳ್ಳಿನಂತೆ ಚುಚ್ಚತೊಡಗಿತು. ಕೈ ತಾನಾಗಿಯೇ ಡಬ್ಬಿಯ ಕಡೆ ಹೋಯಿತು.

ಆಚೆ ಅವಳು ಮಾತಾಡುತ್ತಲೇ ಇದ್ದಳು. ಅವನು ಮತ್ತೆ ಕಂಪನಿಗೆ ಫೋನು ಹಚ್ಚಿದ. ಈ ಸಲ ಒಬ್ಬ ಸಿಕ್ಕಿದ. ಡಬ್ಬಿಯಲ್ಲಿ ಏನೇನು ಮತ್ತೆ ತುಂಬಬೇಕೆಂದು ಆತ ಹೇಳುತ್ತ ಹೋದ. ವ್ಯಾಪಾರಿಗೆ ಸರಿಯಾಗಿ ಕೇಳಿಸಲಿಲ್ಲ. ಗೋಡೆಯ ಆಚೆಯ ದನಿ ಅಡ್ಡ ಬರುತ್ತಿತ್ತು. ಅವನು ಎದ್ದು ಹೋಗಿ ಆ ಕಡೆಯ ಕಿಟಕಿ ಮುಚ್ಚಿ ಬಂದ. ಆತ ಹೇಳಿದ್ದನ್ನೆಲ್ಲ ಒಂದೊಂದಾಗಿ ತುಂಬಿದ. ತಾನು ಕೆಡಿಸಿದ್ದ ಸೆಟ್ಟಿಂಗುಗಳನ್ನೂ ಆತನನ್ನು ಕೇಳಿ ಕೇಳಿ ಸರಿಮಾಡಿದ.

ಕೆಂಪು ದೀಪ ಮಿಣುಕಿ ಮಿಣುಕಿ ಹಸಿರಾಯಿತು.

ವ್ಯಾಪಾರಿ ಗಟ್ಟಿಯಾಗಿ ನಕ್ಕ. ಕುರ್ಚಿಗೆ ಒರಗಿ ಮುಖ ಒರೆಸಿಕೊಂಡ.

ಸ್ವಲ್ಪ ಹೊತ್ತಿಗೆ ಸುಮಂಗಲೆ ಬಂದಳು. ಬರಿಗಾಲಿಗೆ ಮಣ್ಣು ಮೆತ್ತಿತ್ತು. ಫೈಲನ್ನು ಎದೆಗೆ ಅವುಚಿಕೊಂಡು ಹೊಸ್ತಿಲಲ್ಲಿ ನಿಂತಳು. ಏನೋ ಹೇಳಲು ಬಾಯಿ ತೆರೆದಳು.

“ಬಾ ಬಾ, ಇಲ್ಲಿ ನೋಡು! ಬಂತು! ನಾನು ಹೇಳಿರಲಿಲ್ಲವೇ?” ಎಂದ ವ್ಯಾಪಾರಿ.

ಅವಳು ದೀಪವನ್ನು ನೋಡಿದಳು. ಗಂಡನ ಮುಖ ನೋಡಿದಳು. “ಹೌದು, ಬಂತು” ಎಂದು ಹೇಳಿ, ಕಾಲು ತೊಳೆಯಲು ಹಿತ್ತಲಿಗೆ ಹೋದಳು.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ಮುಂದಕ್ಕೆ ಸರಿದು ಕೂತ. ಅವನ ಬೆರಳುಗಳು ನೆಲವನ್ನು ಕುಟ್ಟುತ್ತಿದ್ದವು.

“ಹಾಗಾದರೆ ಗುರುಗಳೇ, ಆ ಪಿನ್ನು ಒತ್ತದೆ ಇದ್ದಿದ್ದರೆ ಅವನ ಮನೆಗೂ ಇಂಟರ್ನೆಟ್ಟು ತಾನಾಗಿಯೇ ಬರುತ್ತಿತ್ತೇ?” ಎಂದು ಕೇಳಿದ.

ಗುರುಗಳು ಅವನನ್ನು ನೋಡಿ ಹೇಳಿದರು. “ಅವಳ ಸಂದರ್ಶನ ಹೇಗಾಯಿತೆಂದು ಅವನೂ ಕೇಳಲಿಲ್ಲ.”