ಹೆಸರಿನ ಕಲ್ಲಿನ ಮುಂದಿನ ಕುಣಿ

ನಗರಸಭೆಯ ಆಯುಕ್ತರಿಗೆ ಹಸಿರಿನ ಹುಚ್ಚು ಹತ್ತಿತು. ಬಡವರ ಮಸಣವನ್ನೇ ಉದ್ಯಾನ ಮಾಡಲು ಹೊರಟರು. ಹೆಣಗಳಿಗೆ ಇನ್ನು ಊರಾಚೆ, ಕಸದ ಗುಡ್ಡದ ಹಿಂದೆ ಜಾಗ.

ಕುಣಿ ತೋಡುವ ಚೌಡಪ್ಪ ಕೈಮುಗಿದ. "ನನ್ನ ಹೆಂಡ್ತಿ ಇಲ್ಲೇ ಮಲಗವಳೆ, ಸಾಹೇಬ್ರೇ."

"ಸತ್ತೋರಿಗೆ ಯಾಕಯ್ಯಾ ಇಷ್ಟು ಜಾಗ? ಇದು ಸುಸ್ಥಿರ ಅಭಿವೃದ್ಧಿ! ಬದುಕಿರೋರು ಉಸಿರಾಡೋದು ಬೇಡ್ವಾ? ನಾಳೆ ನಾನೇ ಮೊದಲ ಸಸಿ ನೆಡ್ತೀನಿ. ನನ್ನ ಹೆಸರಿನ ಕಲ್ಲು ನಿಲ್ಸಿದಾರಲ್ಲ, ಅದರ ಮುಂದೆ ಗುಂಡಿ ತೋಡಿಡು."

ಚೌಡಪ್ಪ ತೋಡಿದ.

ಮರುದಿನ ಬ್ಯಾಂಡು, ಹಾರ, ಕ್ಯಾಮೆರಾ ಎಲ್ಲ ಬಂದವು. ಎಂಜಿನಿಯರ್, ಗುತ್ತಿಗೆದಾರರ ಜೊತೆ ಸಸಿ ಹಿಡಿದು ನಗುತ್ತಾ ಬಂದ ಆಯುಕ್ತರು ಗಕ್ಕನೆ ನಿಂತರು. ಮುಂದೆ ಆಳುದ್ದದ ಕುಣಿ. ತಲೆಯ ಕಡೆ ಅವರದೇ ಹೆಸರು.

"ಏನೋ ಇದು?"

"ಹೆಸರಿನ ಕಲ್ಲಿನ ಮುಂದೆ ತೋಡು ಅಂದ್ರಿ. ಮಸಣದಾಗೆ ತೋಡೋದು ಹಿಂಗೇ."

"ಮೊದಲು ಮುಚ್ಚು ಅದನ್ನ!"

"ತೋಡಿದ ಕುಣೀನ ಬರಿದೇ ಮುಚ್ಚೋ ಹಂಗಿಲ್ಲ, ಸಾಹೇಬ್ರೇ. ಯಾರಾದ್ರೂ ಒಬ್ರು ಬರಲೇಬೇಕು." ಚೌಡಪ್ಪ ಮೆಲ್ಲಗೆ ಎಂಜಿನಿಯರ್ ಕಡೆ ತಿರುಗಿದ. "ನೀವಲ್ಲದಿದ್ರೆ ಇವರಾದ್ರೂ ಆದೀತು."

ಎಂಜಿನಿಯರ್ ಗುತ್ತಿಗೆದಾರನ ಹಿಂದೆ ಸರಿದ. ಗುತ್ತಿಗೆದಾರ ಬ್ಯಾಂಡಿನವರ ಹಿಂದೆ ಸರಿದ. ಆಯುಕ್ತರು ಸಸಿಯನ್ನು ಅಲ್ಲೇ ಬಿಟ್ಟು ಕಾರು ಹತ್ತಿದರು. ಉದ್ಯಾನದ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಆ ವಾರವೇ ಹೂ ಮಾರುವ ಹೊನ್ನಮ್ಮ ತೀರಿಕೊಂಡಳು. ಚೌಡಪ್ಪ ಅವಳನ್ನು ಅದೇ ಕುಣಿಯಲ್ಲಿ ಮಲಗಿಸಿದ. ಬಡವಿಗೆ ಕಲ್ಲು ಎಲ್ಲಿಂದ ಬರಬೇಕು? ಆಯುಕ್ತರ ಕಲ್ಲನ್ನೇ ಹಿಂದುಮುಂದಾಗಿ ತಿರುಗಿಸಿ ನಿಲ್ಲಿಸಿದ. ಅವರು ಬಿಟ್ಟುಹೋದ ಸಸಿಯನ್ನು ಅವಳ ಕಾಲ ಬಳಿ ನೆಟ್ಟ.

ನಗರಸಭೆಯ ಹಸಿರು ಯೋಜನೆಯಲ್ಲಿ ಚಿಗುರಿದ್ದು ಅದೊಂದೇ.