ಬಾಚಿ ಕಟ್ಟಿದ ಸ್ವಾತಂತ್ರ್ಯ

ಅಮೆರಿಕ ಆಗಷ್ಟೇ ಸ್ವತಂತ್ರವಾಗಿತ್ತು. ಅಲ್ಲಿನ ಟಂಕಸಾಲೆಯ ಮುದಿ ಅಚ್ಚುಗಾರ ಹೊಸ ನಾಣ್ಯಕ್ಕೆಂದು ಸ್ವಾತಂತ್ರ್ಯದೇವಿಯ ಮುಖ ಕೆತ್ತಿ, ಕೆಳಗೆ 'ಸ್ವಾತಂತ್ರ್ಯ' ಎಂದು ಬರೆದು, ಪರೀಕ್ಷೆಗೆ ಒಂದು ತಾಮ್ರದ ನಾಣ್ಯ ಹೊಡೆದು ತನ್ನ ಮೇಲಿನ ಸಾಹೇಬರ ಮುಂದಿಟ್ಟ.

"ಇದೇನಯ್ಯ, ದೆವ್ವ ಮೆಟ್ಟಿಕೊಂಡವಳ ಹಾಗೆ ತಲೆ ಕೆದರಿಕೊಂಡಿದ್ದಾಳೆ? ಬಾಚು!" ಎಂದರು ಸಾಹೇಬರು.

ಬಾಚಿದ. "ಇನ್ನೂ ಹಾರುತ್ತಿದೆ, ರಿಬ್ಬನ್ ಕಟ್ಟು." ಕಟ್ಟಿದ. "ಕಿವಿಯ ಹತ್ತಿರ ಎರಡೆಳೆ ಬಿಟ್ಟಿದ್ದೀಯ, ಬಿಗಿ!" ಪ್ರತಿ ಸಲವೂ ಹೊಸ ಅಚ್ಚು, ಹೊಸ ನಾಣ್ಯ. ಸ್ವಂತ ಹೆಂಡತಿಯ ತಲೆಯನ್ನೂ ಅವನು ಅಷ್ಟು ಹೊತ್ತು ನೋಡಿರಲಿಲ್ಲ. ಕಣ್ಣು ಮಂಜಾಯಿತು, ಬೆರಳು ಮರಗಟ್ಟಿದವು.

ಏಳನೆಯ ಸಲ ಒಂದೆಳೆಯೂ ಅಲುಗದಂತೆ ಜಡೆ ಬಿಗಿದು ತಂದ. ಸಾಹೇಬರು ಹಿಗ್ಗಿದರು. ಮರುಕ್ಷಣವೇ ಹುಬ್ಬು ಗಂಟಿಕ್ಕಿದರು. "ಕೆಳಗೆ 'ಸ್ವಾತಂತ್ರ್ಯ' ಅಂತ ಇತ್ತಲ್ಲ, ಎಲ್ಲಿ?"

"ಬರೆಯೋಕೆ ಕೈ ಬರಲಿಲ್ಲ ಸ್ವಾಮಿ," ಎನ್ನುತ್ತ ಅಚ್ಚುಗಾರ ಸುಸ್ತಾಗಿ ಅಲ್ಲೇ ಕುಕ್ಕರಿಸಿದ. "ಇಷ್ಟು ಬಿಗಿಯಾಗಿ ಕಟ್ಟಿಹಾಕಿದ ಮೇಲೆ ಅವಳನ್ನ ಆ ಹೆಸರಿಂದ ಹೇಗೆ ಕರೆಯಲಿ? ಬೇರೆ ಹೆಸರಿದ್ದರೆ ಹೇಳಿ, ಕೆತ್ತುತ್ತೇನೆ."

ಸಾಹೇಬರು ಕೆಮ್ಮಿದರು. ಆಮೇಲೆ ಮೊದಲನೆಯ ನಾಣ್ಯವನ್ನೇ ಮೆಲ್ಲಗೆ ಮುಂದೆ ತಳ್ಳಿದರು. "ಇದೇ ಇರಲಿ. ಕೂದಲು ಬಿಟ್ಟ ಹಾಗೇ ಬಿಡು."

"ಅವಳನ್ನೇನೋ ಬಿಟ್ಟಿರಿ," ಎಂದು ಅಚ್ಚುಗಾರ ಮೊಣಕಾಲು ಹಿಡಿದು ಎದ್ದ. "ಇನ್ನು ನನ್ನನ್ನೂ ಬಿಟ್ಟರೆ ಮನೆಗೆ ಹೋಗಿ ಮಲಗುತ್ತೇನೆ."